ಇಂಗ್ಲಿಷ್ ವಾಕ್ಯಗಳಲ್ಲಿ ದೋಷ ಗುರುತಿಸುವಿಕೆ

ಇಂಗ್ಲಿಷ್ ವಾಕ್ಯಗಳಲ್ಲಿ ದೋಷ ಗುರುತಿಸುವಿಕೆ ಎಂದರೆ ಒಂದು ವಾಕ್ಯದಲ್ಲಿ ಇಂಗ್ಲಿಷಿನ ವ್ಯಾಕರಣ ನಿಯಮಕ್ಕೆ ಹೊಂದದ ಭಾಗವನ್ನು ಪತ್ತೆಮಾಡಿ, ಅರ್ಥ ಕೆಡದಂತೆ ತಿದ್ದುವ ಅಭ್ಯಾಸ. ಭಾರತದ ಶಾಲಾ ವ್ಯಾಕರಣ ಪಾಠಗಳಲ್ಲಿ ಇದು ಬಹುಕಾಲದಿಂದ ಇರುವ ಅಭ್ಯಾಸವಾಗಿದೆ. ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ‘ಸ್ಪಾಟಿಂಗ್ ಎರರ್ಸ್’ ಎಂಬ ಹೆಸರಿನಿಂದ ಪರಿಚಿತವಾಗಿದೆ. ವ್ಯಾಕರಣದೋಷವು ಸಾಮಾನ್ಯವಾಗಿ ಒಂದು ಪದದಲ್ಲಿರದೆ ಎರಡು ಪದಗಳ ಸಂಬಂಧದಲ್ಲಿ ಇರುತ್ತದೆ. ಆದುದರಿಂದ ಪದಗಳನ್ನು ಬಿಡಿಬಿಡಿಯಾಗಿ ನೋಡುವುದಕ್ಕಿಂತ, ಯಾವ ಪದ ಯಾವುದಕ್ಕೆ ಸಂಬಂಧಿಸಿದೆ ಎಂಬುದನ್ನು ತಿಳಿಯುವುದು ಈ ಅಭ್ಯಾಸದ ತಿರುಳು.

ಹಿನ್ನೆಲೆ

1835ರ ಮೆಕಾಲೆಯ ವರದಿಯ ನಂತರ ಭಾರತದಲ್ಲಿ ಇಂಗ್ಲಿಷ್ ಶಿಕ್ಷಣ ವಿಸ್ತರಿಸಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಜೆ. ಸಿ. ನೆಸ್‌ಫೀಲ್ಡ್ ಅವರ ವ್ಯಾಕರಣ ಗ್ರಂಥಗಳೂ, ಇಪ್ಪತ್ತನೆಯ ಶತಮಾನದಲ್ಲಿ ಪಿ. ಸಿ. ರೆನ್ ಮತ್ತು ಎಚ್. ಮಾರ್ಟಿನ್ ಅವರ ಶಾಲಾ ವ್ಯಾಕರಣವೂ ಇಲ್ಲಿ ವ್ಯಾಪಕವಾಗಿ ಬಳಕೆಗೆ ಬಂದವು.

ಕಲಿಯುವವರ ತಪ್ಪುಗಳ ಶಾಸ್ತ್ರೀಯ ಅಧ್ಯಯನ ಬಲಗೊಂಡದ್ದು 1950ರ ದಶಕದ ನಂತರ. ಮಾತೃಭಾಷೆಗೂ ಕಲಿಯುವ ಭಾಷೆಗೂ ಭೇದವಿರುವ ಕಡೆಗಳಲ್ಲಿ ಕಲಿಕೆ ಕಷ್ಟವಾಗುತ್ತದೆ ಎಂಬ ವಿಚಾರವನ್ನು ಅಮೆರಿಕದ ಭಾಷಾವಿಜ್ಞಾನಿ ರಾಬರ್ಟ್ ಲ್ಯಾಡೊ 1957ರಲ್ಲಿ ಮಂಡಿಸಿದರು. 1967ರಲ್ಲಿ ಎಸ್. ಪಿಟ್ ಕಾರ್ಡರ್ ಅವರು ಬಾಯ್ತಪ್ಪು, ಕೈತಪ್ಪುಗಳಂಥ ಆಕಸ್ಮಿಕಗಳನ್ನೂ ಕಲಿಯುವವನ ತಿಳಿವಳಿಕೆಯಿಂದಲೇ ಹುಟ್ಟುವ ಕ್ರಮಬದ್ಧ ತಪ್ಪುಗಳನ್ನೂ ಬೇರ್ಪಡಿಸಿದರು. ಎರಡನೆಯ ಬಗೆಯ ತಪ್ಪು ದಡ್ಡತನದ ಗುರುತಲ್ಲ, ಕಲಿಕೆ ನಡೆಯುತ್ತಿದೆ ಎಂಬುದಕ್ಕೆ ಸಾಕ್ಷಿ ಎಂಬುದು ಅವರ ನಿಲುವು.

ಪರೀಕ್ಷೆಗಳಲ್ಲಿ ಇದರ ಸ್ವರೂಪ

ಕೇಂದ್ರ ಲೋಕಸೇವಾ ಆಯೋಗದ ಕಂಬೈನ್ಡ್ ಡಿಫೆನ್ಸ್ ಸರ್ವಿಸಸ್ ಪರೀಕ್ಷೆ, ಸಿಬ್ಬಂದಿ ನೇಮಕಾತಿ ಆಯೋಗದ ಪರೀಕ್ಷೆಗಳು ಮತ್ತು ಬ್ಯಾಂಕ್ ನೇಮಕಾತಿ ಪರೀಕ್ಷೆಗಳಲ್ಲಿ ಈ ಬಗೆಯ ಪ್ರಶ್ನೆಗಳು ಬರುತ್ತವೆ. ಸಾಮಾನ್ಯವಾಗಿ ಒಂದು ವಾಕ್ಯವನ್ನು ಮೂರು ಅಥವಾ ನಾಲ್ಕು ಭಾಗಗಳಾಗಿ ವಿಂಗಡಿಸಿ, ದೋಷವಿರುವ ಭಾಗವನ್ನು ಗುರುತಿಸಲು ಕೇಳಲಾಗುತ್ತದೆ. ‘ನೋ ಎರರ್’, ಅಂದರೆ ದೋಷವಿಲ್ಲ, ಎಂಬುದೂ ಒಂದು ಆಯ್ಕೆಯಾಗಿರುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಡಿತವಿರುವ ಪರೀಕ್ಷೆಗಳಲ್ಲಿ ಊಹೆಯಿಂದ ನಷ್ಟವಾಗುವ ಸಂಭವವಿದೆ.

‘ಕಿವಿಗೆ ಸರಿ ಕೇಳಿಸಿದರೆ ಸರಿ’ ಎಂಬ ವಿಧಾನ ಇಲ್ಲಿ ಪೂರ್ಣವಾಗಿ ನೆರವಾಗದು. ಸುತ್ತಮುತ್ತ ಪ್ರತಿದಿನ ಕೇಳುವ ‘ಡಿಸ್ಕಸ್ ಅಬೌಟ್’ ಎಂಬ ತಪ್ಪು ಪ್ರಯೋಗ ಕಿವಿಗೆ ಸಹಜವೆನಿಸುತ್ತದೆ. ‘ಐ ಸಜೆಸ್ಟೆಡ್ ದಟ್ ಹೀ ಗೋ ಹೋಮ್’ ಎಂಬ ಸರಿಯಾದ ವಾಕ್ಯ, ಅಪರೂಪವಾಗಿ ಕೇಳುವುದರಿಂದ, ತಪ್ಪೆನಿಸುತ್ತದೆ.

ಪರಿಶೀಲನೆಯ ಕ್ರಮ

ವಾಕ್ಯವನ್ನು ಈ ಕ್ರಮದಲ್ಲಿ ಪರೀಕ್ಷಿಸುವುದು ಅನುಕೂಲಕರ:

1. ಕ್ರಿಯಾಪದವನ್ನು ಗುರುತಿಸಿ, ಅದರ ನಿಜವಾದ ಕರ್ತೃಪದವನ್ನು ಹುಡುಕುವುದು.
2. ಎರಡರ ವಚನ ಹೊಂದುತ್ತದೆಯೇ ಎಂದು ನೋಡುವುದು.
3. ಕಾಲಸೂಚಕ ಪದಕ್ಕೂ ಕ್ರಿಯಾಪದದ ಕಾಲಕ್ಕೂ ಹೊಂದಿಕೆ ಇದೆಯೇ ಎಂದು ನೋಡುವುದು.
4. ಸರ್ವನಾಮ ಯಾವ ನಾಮಪದವನ್ನು ಸೂಚಿಸುತ್ತದೆ ಎಂದು ತಿಳಿಯುವುದು.
5. ಆರ್ಟಿಕಲ್ ಮತ್ತು ಪ್ರಿಪೊಸಿಷನ್‌ಗಳನ್ನು ಪರಿಶೀಲಿಸುವುದು.
6. ‘ನೋ ಸೂನರ್’ ಇದ್ದರೆ ‘ದ್ಯಾನ್’, ‘ಹಾರ್ಡ್ಲಿ’ ಇದ್ದರೆ ‘ವೆನ್’ ಎಂಬಂಥ ಜೋಡಿಪದಗಳು ಸರಿಯಾಗಿವೆಯೇ ಎಂದು ನೋಡುವುದು.

ಉದಾಹರಣೆ: ‘ದ ಕ್ವಾಲಿಟಿ ಆಫ್ ದ ರೋಡ್ಸ್ ಇನ್ ದ ವಿಲೇಜಸ್ / ಹ್ಯಾವ್ ಇಂಪ್ರೂವ್ಡ್ / ಸಿನ್ಸ್ 2015’. ಇಲ್ಲಿ ಕ್ರಿಯಾಪದ ‘ಹ್ಯಾವ್ ಇಂಪ್ರೂವ್ಡ್’. ಅದಕ್ಕೆ ಸಮೀಪದಲ್ಲಿರುವ ‘ರೋಡ್ಸ್’, ‘ವಿಲೇಜಸ್’ ಬಹುವಚನಗಳಾದರೂ ಅವು ಕರ್ತೃಪದಗಳಲ್ಲ. ಸುಧಾರಿಸಿದ್ದು ‘ಕ್ವಾಲಿಟಿ’, ಅದು ಏಕವಚನ. ಆದುದರಿಂದ ಎರಡನೆಯ ಭಾಗದಲ್ಲಿ ದೋಷವಿದ್ದು, ‘ಹ್ಯಾವ್’ ಬದಲು ‘ಹ್ಯಾಸ್’ ಬರಬೇಕು. 2015 ಎಂಬುದು ಕಾಲದ ಒಂದು ನಿರ್ದಿಷ್ಟ ಬಿಂದುವಾದ್ದರಿಂದ ‘ಸಿನ್ಸ್’ ಸರಿಯಾಗಿದೆ.

ಕನ್ನಡದ ಪ್ರಭಾವದಿಂದ ಬರುವ ದೋಷಗಳು

ಕನ್ನಡ ಮಾತೃಭಾಷೆಯವರು ಮಾಡುವ ಅನೇಕ ತಪ್ಪುಗಳು ಕನ್ನಡದಲ್ಲಿ ಸರಿಯಾಗಿರುವ ನಿಯಮವನ್ನು ಇಂಗ್ಲಿಷಿಗೆ ಅನ್ವಯಿಸುವುದರಿಂದ ಹುಟ್ಟುತ್ತವೆ. ಇವುಗಳಲ್ಲಿ ಹಲವು ಇತರ ಭಾರತೀಯ ಭಾಷೆಗಳನ್ನಾಡುವವರಲ್ಲಿಯೂ ಕಾಣುತ್ತವೆ.

ಕಾಲ ಮತ್ತು ಅವಧಿ: ‘ಐದು ವರ್ಷಗಳಿಂದ ಇಲ್ಲಿ ವಾಸಿಸುತ್ತಿದ್ದೇನೆ’ ಎಂಬುದು ‘ಐ ಆ್ಯಮ್ ಲಿವಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂದಾಗುತ್ತದೆ. ಕನ್ನಡದ ‘ಇಂದ’ ಪ್ರತ್ಯಯ ಆರಂಭದ ಬಿಂದುವಿಗೂ ಕಳೆದ ಅವಧಿಗೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಬಿಂದುವಿಗೆ ‘ಸಿನ್ಸ್’, ಅವಧಿಗೆ ‘ಫಾರ್’. ಸರಿಯಾದ ರೂಪ: ‘ಐ ಹ್ಯಾವ್ ಬೀನ್ ಲಿವಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’.

ಭೂತಕಾಲ: ‘ನಿನ್ನೆ ಅವನನ್ನು ನೋಡಿದ್ದೇನೆ’ ಎಂಬ ಮಾತಿನ ಪ್ರಭಾವದಿಂದ ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ’ ಬರುತ್ತದೆ. ಮುಗಿದುಹೋದ ಸಮಯವನ್ನು ಹೆಸರಿಸಿದಾಗ ಸರಳ ಭೂತಕಾಲ ಬೇಕು: ‘ಐ ಸಾ ಹಿಮ್ ಯೆಸ್ಟರ್ಡೇ’.

ವಚನ: ಕನ್ನಡದಲ್ಲಿ ‘ಐದು ಪುಸ್ತಕ ಕೊಂಡೆ’ ಎನ್ನಬಹುದು, ಸಂಖ್ಯೆಯೇ ಬಹುತ್ವವನ್ನು ತಿಳಿಸುತ್ತದೆ. ಇಂಗ್ಲಿಷಿನಲ್ಲಿ ‘ಫೈವ್ ಬುಕ್ಸ್’ ಎಂದೇ ಹೇಳಬೇಕು.

ಪ್ರಿಪೊಸಿಷನ್: ‘ವಿಷಯದ ಬಗ್ಗೆ ಚರ್ಚಿಸು’ ಎಂಬುದರಿಂದ ‘ಡಿಸ್ಕಸ್ ಅಬೌಟ್’, ‘ಅವನ ಜೊತೆ ಮದುವೆ’ ಎಂಬುದರಿಂದ ‘ಮ್ಯಾರೀಡ್ ವಿತ್’, ‘ಅದಕ್ಕಿಂತ ಶ್ರೇಷ್ಠ’ ಎಂಬುದರಿಂದ ‘ಸುಪೀರಿಯರ್ ದ್ಯಾನ್’ ಬರುತ್ತವೆ. ಸರಿಯಾದವು ಕ್ರಮವಾಗಿ ‘ಡಿಸ್ಕಸ್’, ‘ಮ್ಯಾರೀಡ್ ಟು’, ‘ಸುಪೀರಿಯರ್ ಟು’.

ಪ್ರಶ್ನೆ: ಕನ್ನಡದಲ್ಲಿ ಪ್ರಶ್ನೆಗಾಗಿ ಪದಕ್ರಮ ಬದಲಾಗಬೇಕಿಲ್ಲ. ಆದ್ದರಿಂದ ‘ವೇರ್ ಯೂ ಆರ್ ಗೋಯಿಂಗ್?’ ಎಂಬ ರೂಪ ಬರುತ್ತದೆ. ‘ವೇರ್ ಆರ್ ಯೂ ಗೋಯಿಂಗ್?’ ಎಂಬುದು ಸರಿ. ಈ ನಿಯಮ ಕಲಿತವರು ಒಳವಾಕ್ಯದಲ್ಲೂ ಅದನ್ನೇ ಬಳಸಿ ‘ಟೆಲ್ ಮೀ ವೇರ್ ಆರ್ ಯೂ ಗೋಯಿಂಗ್’ ಎನ್ನುವುದುಂಟು. ಅಲ್ಲಿ ‘ವೇರ್ ಯೂ ಆರ್ ಗೋಯಿಂಗ್’ ಎಂಬುದೇ ಸರಿ.

‘ಅಲ್ಲವೇ’: ಕನ್ನಡದ ‘ಅಲ್ಲವೇ’ ಎಲ್ಲ ವಾಕ್ಯಗಳ ಕೊನೆಗೂ ಹೊಂದುತ್ತದೆ. ‘ಇಸಂಟ್ ಇಟ್’ ಹಾಗಲ್ಲ. ‘ಯೂ ಕೇಮ್ ಬೈ ಬಸ್’ ಎಂಬುದರ ಮುಂದೆ ‘ಡಿಡಂಟ್ ಯೂ’ ಬರಬೇಕು.

ಅಂಟದ ಕೃದಂತ: ‘ರಸ್ತೆಯಲ್ಲಿ ನಡೆಯುತ್ತಿದ್ದಾಗ ಹಾವು ಅವನನ್ನು ಕಚ್ಚಿತು’ ಎಂಬ ಕನ್ನಡ ವಾಕ್ಯ ನಿರ್ದೋಷ. ‘ವಾಕಿಂಗ್ ಆನ್ ದ ರೋಡ್, ಎ ಸ್ನೇಕ್ ಬಿಟ್ ಹಿಮ್’ ಎಂದರೆ ನಡೆಯುತ್ತಿದ್ದದ್ದು ಹಾವು ಎಂಬ ಅರ್ಥ ಬರುತ್ತದೆ. ‘ವೈಲ್ ಹೀ ವಾಸ್ ವಾಕಿಂಗ್’ ಎಂದು ಕರ್ತೃವನ್ನು ಹೇಳಿದರೆ ದೋಷ ನೀಗುತ್ತದೆ.

ಕನ್ನಡದ ನೆರವು

ಕನ್ನಡ ಕೇವಲ ತಪ್ಪಿನ ಮೂಲವಲ್ಲ, ತಿದ್ದುವುದಕ್ಕೂ ನೆರವಾಗುತ್ತದೆ. ಕನ್ನಡದಲ್ಲಿ ವಿಶೇಷಣಗಳು ಮೊದಲು ಬಂದು ಮುಖ್ಯ ನಾಮಪದ ಕೊನೆಗೆ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ‘ಆಫ್’ ಬಂದಾಗ ಮುಖ್ಯ ನಾಮಪದ ಮುಂದೆ ಉಳಿದು, ಕ್ರಿಯಾಪದದಿಂದ ದೂರವಾಗುತ್ತದೆ. ಕರ್ತೃಭಾಗವನ್ನು ಕನ್ನಡಕ್ಕೆ ತಿರುಗಿಸಿದರೆ ಕೊನೆಯ ನಾಮಪದವೇ ವಚನವನ್ನು ತೋರಿಸುತ್ತದೆ:

– ‘ದ ಕ್ವಾಲಿಟಿ ಆಫ್ ದ ರೋಡ್ಸ್’: ರಸ್ತೆಗಳ ಗುಣಮಟ್ಟ, ಏಕವಚನ.
– ‘ದ ನಂಬರ್ ಆಫ್ ಸ್ಟೂಡೆಂಟ್ಸ್’: ವಿದ್ಯಾರ್ಥಿಗಳ ಸಂಖ್ಯೆ, ಏಕವಚನ.
– ‘ಎ ನಂಬರ್ ಆಫ್ ಸ್ಟೂಡೆಂಟ್ಸ್’: ಹಲವು ವಿದ್ಯಾರ್ಥಿಗಳು, ಬಹುವಚನ.
– ‘ಒನ್ ಆಫ್ ದ ಬಾಯ್ಸ್’: ಹುಡುಗರಲ್ಲಿ ಒಬ್ಬನು; ಏಕವಚನ.
– ‘ಈಚ್ ಆಫ್ ದ ಬಾಯ್ಸ್’: ಹುಡುಗರಲ್ಲಿ ಪ್ರತಿಯೊಬ್ಬನು, ಏಕವಚನ.

ಈ ಉಪಾಯಕ್ಕೆ ಮಿತಿಯೂ ಉಂಟು. ಕನ್ನಡದಲ್ಲಿ ಗೌರವಾರ್ಥವಾಗಿ ಬಹುವಚನ ಬಳಸುವುದರಿಂದ ‘ಶಿಕ್ಷಕರೊಂದಿಗೆ ಮುಖ್ಯೋಪಾಧ್ಯಾಯರು ಬಂದಿದ್ದಾರೆ’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಆ ಗೌರವ ಬಹುವಚನವಿಲ್ಲ: ‘ದ ಹೆಡ್‌ಮಾಸ್ಟರ್, ಅಲಾಂಗ್ ವಿತ್ ದ ಟೀಚರ್ಸ್, ಹ್ಯಾಸ್ ಕಮ್’. ಆರ್ಟಿಕಲ್‌ಗಳ ವಿಷಯದಲ್ಲಿಯೂ ಕನ್ನಡದಿಂದ ಹೆಚ್ಚಿನ ನೆರವು ಸಿಗದು, ಏಕೆಂದರೆ ಕನ್ನಡದಲ್ಲಿ ‘ದ’ ಎಂಬುದಕ್ಕೆ ಸಮಾನವಾದ ಪದವಿಲ್ಲ.

ದೋಷವೆಂದು ತಪ್ಪಾಗಿ ತಿಳಿಯಲಾದವು

ಶಾಲೆಗಳಲ್ಲಿ ನಿಷೇಧಿಸಲ್ಪಟ್ಟ ಕೆಲವು ಪ್ರಯೋಗಗಳು ವಾಸ್ತವವಾಗಿ ದೋಷಗಳಲ್ಲ. ವಾಕ್ಯವನ್ನು ಪ್ರಿಪೊಸಿಷನ್‌ನಿಂದ ಮುಗಿಸಬಾರದೆಂಬ ಮಾತು ಅವುಗಳಲ್ಲೊಂದು. ರಾಬರ್ಟ್ ಲೌತ್ 1762ರ ತಮ್ಮ ವ್ಯಾಕರಣದಲ್ಲಿ ಅದು ಗಂಭೀರ ಶೈಲಿಗೆ ಅಷ್ಟಾಗಿ ಒಪ್ಪದು ಎಂದಿದ್ದರೇ ಹೊರತು ಪೂರ್ಣವಾಗಿ ನಿಷೇಧಿಸಿರಲಿಲ್ಲ. ಎಚ್. ಡಬ್ಲ್ಯು. ಫೌಲರ್ 1926ರ ತಮ್ಮ ಪ್ರಯೋಗ ನಿಘಂಟಿನಲ್ಲಿ ಈ ನಿಷೇಧವನ್ನು ತಳ್ಳಿಹಾಕಿದರು. ‘ಆ್ಯಂಡ್’ ಅಥವಾ ‘ಬಟ್’ ಎಂದು ವಾಕ್ಯ ಆರಂಭಿಸುವುದೂ ದೋಷವಲ್ಲ. ‘ಟೀಮ್’, ‘ಗವರ್ನಮೆಂಟ್’ ಮುಂತಾದ ಸಮೂಹವಾಚಕಗಳಿಗೆ ಬ್ರಿಟಿಷ್ ಇಂಗ್ಲಿಷಿನಲ್ಲಿ ಬಹುವಚನದ ಕ್ರಿಯಾಪದವೂ ಬರಬಹುದು. ಅಮೆರಿಕನ್ ಇಂಗ್ಲಿಷಿನಲ್ಲಿ ಏಕವಚನವೇ ರೂಢಿ. ಭಾರತದಲ್ಲಿ ಬಳಕೆಗೆ ಬಂದ ‘ಪ್ರಿಪೋನ್’ ಎಂಬ ಪದ ಇಂದು ಪ್ರಮುಖ ನಿಘಂಟುಗಳಲ್ಲಿ ಸೇರಿದೆ. ಹೀಗೆ ವ್ಯಾಕರಣದೋಷ, ಶೈಲಿಯ ಭೇದ ಮತ್ತು ಪ್ರಾದೇಶಿಕ ಪ್ರಯೋಗ ಎಂಬ ಮೂರನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ.

ತಿದ್ದುಪಡಿ

ಒಳ್ಳೆಯ ತಿದ್ದುಪಡಿಯಲ್ಲಿ ಬದಲಾವಣೆ ಕನಿಷ್ಠವಾಗಿರುತ್ತದೆ ಮತ್ತು ಬರೆದವರ ಅರ್ಥ ಉಳಿಯುತ್ತದೆ. ‘ರಿಟರ್ನ್ ಬ್ಯಾಕ್’ ಎಂಬಲ್ಲಿ ‘ಬ್ಯಾಕ್’ ತೆಗೆದರೆ ಸಾಕು; ವಾಕ್ಯವನ್ನೇ ಹೊಸದಾಗಿ ಬರೆಯಬೇಕಿಲ್ಲ. ತಿದ್ದಿದ ನಂತರ ವಾಕ್ಯವನ್ನು ಮೊದಲಿನಿಂದ ಓದಿ, ಒಂದು ಬದಲಾವಣೆ ಮತ್ತೊಂದು ಪದದ ಹೊಂದಿಕೆಯನ್ನು ಕೆಡಿಸಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ದೋಷ ಸಿಗದಿದ್ದರೆ ‘ನೋ ಎರರ್’ ಎಂಬುದೂ ಒಂದು ಪೂರ್ಣ ಉತ್ತರವೇ. ಸರಿಯಾದ ವಾಕ್ಯವನ್ನು ಸರಿ ಎಂದು ಕಾರಣಸಹಿತ ಹೇಳಬಲ್ಲವನೇ ತಪ್ಪನ್ನೂ ಖಚಿತವಾಗಿ ಗುರುತಿಸಬಲ್ಲನು.

ಇವನ್ನೂ ನೋಡಿ

– ಇಂಗ್ಲಿಷ್ ವ್ಯಾಕರಣ
– ಕನ್ನಡ ವ್ಯಾಕರಣ
– ಭಾರತೀಯ ಇಂಗ್ಲಿಷ್
– ಭಾಷಾಂತರ