ಯಕೃತ್ತಿನ ಸಂರಕ್ಷಣೆ

ದಾನಿಯ ದೇಹದಿಂದ ತೆಗೆದ ಯಕೃತ್ತನ್ನು (ಲಿವರ್) ರೋಗಿಗೆ ಜೋಡಿಸುವವರೆಗೆ ಕೆಡದಂತೆ ಕಾಪಾಡುವ ವಿಧಾನ. ರಕ್ತ ಪೂರೈಕೆ ನಿಂತೊಡನೆ ಅಂಗಕ್ಕೆ ಹಾನಿ ಶುರುವಾಗುತ್ತದೆ. ಶಸ್ತ್ರವೈದ್ಯರು ಎಷ್ಟೇ ನಿಪುಣರಾಗಿರಲಿ, ಕಸಿ ಫಲಿಸುವುದು ಈ ನಡುವಿನ ಗಂಟೆಗಳು ಹೇಗೆ ಕಳೆದವು ಎಂಬುದರ ಮೇಲೆ.

ಮನುಷ್ಯರಲ್ಲಿ ಮೊದಲ ಯಕೃತ್ ಕಸಿಯನ್ನು 1963ರ ಮಾರ್ಚ್ 1ರಂದು ಅಮೆರಿಕದ ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜಲ್ ಮಾಡಿದರು. ಮೂರು ವರ್ಷದ ಆ ಮಗು ರಕ್ತಸ್ರಾವದಿಂದ ಶಸ್ತ್ರಚಿಕಿತ್ಸೆಯ ನಡುವೆಯೇ ತೀರಿಕೊಂಡಿತು. 1967ರಲ್ಲಿ ಅವರಿಂದ ಕಸಿ ಪಡೆದ ಇನ್ನೊಂದು ಮಗು ವರ್ಷಕ್ಕೂ ಮೇಲ್ಪಟ್ಟು ಬದುಕಿತು. ದೇಹ ಹೊಸ ಅಂಗವನ್ನು ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೊರಿನ್ ಬಂದ ಮೇಲೆ, 1983ರಲ್ಲಿ ಅಮೆರಿಕದ ತಜ್ಞರ ಸಭೆಯೊಂದು ಯಕೃತ್ ಕಸಿ ಇನ್ನು ಬರಿಯ ಪ್ರಯೋಗವಲ್ಲ, ಚಿಕಿತ್ಸೆ ಎಂದು ಒಪ್ಪಿತು. ಆದರೂ ಅಂಗವನ್ನು ಸುಮಾರು ಎಂಟು ಗಂಟೆಯೊಳಗೆ ಜೋಡಿಸಲೇಬೇಕಿತ್ತು.

ತೆಗೆದ ಅಂಗವನ್ನು ತಂಪಾಗಿಟ್ಟು ಕಾಪಾಡುತ್ತಿದ್ದರು; ತೊಡಕು ಇದ್ದದ್ದು ಆ ತಂಪಿನಲ್ಲೇ. 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಜೀವಕೋಶಕ್ಕೆ ಆಮ್ಲಜನಕ ಬಹಳ ಕಡಿಮೆ ಸಾಕು. ಆದರೆ ಸೋಡಿಯಂ ಹೊರಹಾಕುವ ಅದರ ಪಂಪ್ ಸ್ತಬ್ಧವಾಗಿ, ನೀರು ಒಳನುಗ್ಗಿ, ಕೋಶ ಊದಿಕೊಳ್ಳುತ್ತದೆ. 1969ರಲ್ಲಿ ಜೆಫ್ರಿ ಕಾಲಿನ್ಸ್ ರೂಪಿಸಿದ ಗ್ಲುಕೋಸ್ ದ್ರಾವಣ ಮೂತ್ರಪಿಂಡವನ್ನು ಚೆನ್ನಾಗಿ ಕಾಪಾಡಿತು. ಯಕೃತ್ತಿನ ಕೋಶಗಳೊಳಗೆ ಗ್ಲುಕೋಸ್ ಸಲೀಸಾಗಿ ನುಸುಳುವುದರಿಂದ ಅಲ್ಲಿ ಅದು ಸಾಲದಾಯಿತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಫೋಲ್ಕರ್ಟ್ ಬೆಲ್ಜರ್ ಮತ್ತು ಜೇಮ್ಸ್ ಸದರ್ಡ್ ಕೋಶದೊಳಗೆ ಹೋಗಲಾರದ ಲ್ಯಾಕ್ಟೋಬಯೋನೇಟ್, ರ‍್ಯಾಫಿನೋಸ್‌ಗಳನ್ನು ಆರಿಸಿ ನೀರನ್ನು ಹೊರಗೇ ತಡೆದರು. 1987ರಲ್ಲಿ ಯಕೃತ್ ಕಸಿಗೆ ಬಳಕೆಯಾದ ಈ ‘ಯುಡಬ್ಲ್ಯು’ ದ್ರಾವಣ ಸಿಕ್ಕುವ ಸಮಯವನ್ನು ಇಮ್ಮಡಿಗೂ ಮಿಗಿಲಾಗಿಸಿತು. ಇದರಲ್ಲಿ ಪೊಟ್ಯಾಸಿಯಂ ಎಷ್ಟು ಹೆಚ್ಚೆಂದರೆ, ಜೋಡಿಸಿದ ಯಕೃತ್ತಿಗೆ ರಕ್ತ ಬಿಡುವ ಮುನ್ನ ಅದನ್ನು ತೊಳೆದು ತೆಗೆಯದಿದ್ದರೆ ರೋಗಿಯ ಹೃದಯವೇ ನಿಲ್ಲಬಹುದು. ದೂರದೂರಿನ ದಾನಿಯ ಅಂಗವೂ ಒದಗುವಂತಾದದ್ದು, ಸರಿರಾತ್ರಿಯ ಧಾವಂತ ಹಗಲಿನ ಶಸ್ತ್ರಚಿಕಿತ್ಸೆಯಾದದ್ದು ಈ ದ್ರಾವಣದಿಂದಲೇ. ಕಸಿಯ ಚರಿತ್ರೆಯಲ್ಲಿ ಬೆಲ್ಜರ್ ಮತ್ತು ಸದರ್ಡ್ ಅವರಿಗೆ ಸ್ಟಾರ್ಜಲ್ ಪಕ್ಕದಲ್ಲೇ ಜಾಗ ಸಲ್ಲಬೇಕು.

ಭಾರತದಲ್ಲಿ ಹೆಚ್ಚಿನ ಯಕೃತ್ ಕಸಿಗಳು ಬದುಕಿರುವ ಬಂಧುಗಳ ದಾನದಿಂದ ನಡೆಯುವುದರಿಂದ ಅಂಗವನ್ನು ಹೊರಗಿಡುವ ಹೊತ್ತು ಕಡಿಮೆ. 1994ರ ಅಂಗ ಕಸಿ ಕಾಯ್ದೆ ಮಿದುಳು ನಿಷ್ಕ್ರಿಯಗೊಂಡವರಿಂದ ಅಂಗ ಪಡೆಯಲು ದಾರಿ ಮಾಡಿತು. ಕರ್ನಾಟಕದಲ್ಲಿ ಇಂಥ ಅಂಗಗಳ ಹಂಚಿಕೆ ‘ಜೀವಸಾರ್ಥಕತೆ’ ಸಂಸ್ಥೆಯ ಹೊಣೆ. ಆಂಬುಲೆನ್ಸ್‌ಗೆ ಪೊಲೀಸರು ಜೀರೊ ಟ್ರಾಫಿಕ್ ಮಾಡಿಕೊಡುವುದು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿರುವ ಅಂಗಕ್ಕೆ ನಿಮಿಷಗಳೂ ಮುಖ್ಯವಾದ್ದರಿಂದ.

ಕೊಬ್ಬು ತುಂಬಿದ ಯಕೃತ್ತು ತಂಪನ್ನು ತಾಳದು. ಅದಕ್ಕೆಂದೇ ಆಕ್ಸ್‌ಫರ್ಡ್‌ನ ಪೀಟರ್ ಫ್ರೆಂಡ್ ಮತ್ತು ಕಾನ್‌ಸ್ಟಂಟಿನ್ ಕೂಸಿಯೋಸ್ ಮೈಬಿಸಿಯ ರಕ್ತ ಹರಿಸುವ ಯಂತ್ರ ರೂಪಿಸಿದರು; 2013ರಲ್ಲಿ ಲಂಡನ್ನಿನಲ್ಲಿ ಅದು ಮೊದಲು ಬಳಕೆಯಾಯಿತು. ಅದರಲ್ಲಿಟ್ಟ ಯಕೃತ್ತು ಪಿತ್ತ ಸ್ರವಿಸುತ್ತದೆ, ಹಾಗಾಗಿ ಕಸಿಗೆ ಮೊದಲೇ ಅದರ ಸತ್ವ ಪರೀಕ್ಷಿಸಬಹುದು. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯಂತ್ರದಲ್ಲಿಟ್ಟವುಗಳಲ್ಲಿ ಬೇಡವೆಂದು ಕೈಬಿಟ್ಟ ಯಕೃತ್ತುಗಳ ಪ್ರಮಾಣ ಮಂಜುಗಡ್ಡೆಯಲ್ಲಿಟ್ಟವುಗಳಿಗಿಂತ ಅರ್ಧಕ್ಕಿಳಿದಿತ್ತು. 2021ರಲ್ಲಿ ಜ್ಯೂರಿಕ್‌ನ ವೈದ್ಯರು ಬೇರೆ ಆಸ್ಪತ್ರೆಗಳು ಒಲ್ಲೆವೆಂದ ಯಕೃತ್ತೊಂದನ್ನು ಮೂರು ದಿನ ಯಂತ್ರದಲ್ಲಿಟ್ಟು, ಆ್ಯಂಟಿಬಯಾಟಿಕ್ ಕೊಟ್ಟು, ನಂತರ ಕಸಿ ಮಾಡಿದರು. ವರ್ಷದ ಬಳಿಕವೂ ರೋಗಿ ಆರೋಗ್ಯವಾಗಿದ್ದರು. ಕಾಪಿಡುವ ಯಂತ್ರದಲ್ಲೇ ಅಂಗಕ್ಕೆ ಚಿಕಿತ್ಸೆ ನೀಡುವುದು ಈಗಿನ ಸಂಶೋಧನೆಯ ಮುಖ್ಯ ದಿಕ್ಕು.