ತೆಳು ವೆಬ್‌ನ ಶಿಯರ್ ಸಾಮರ್ಥ್ಯ: ಉಕ್ಕಿನ ದರ್ಜೆ ನೆರವಿಗೆ ಬಾರದ ಕಡೆ

ಉಕ್ಕಿನ ತೊಲೆಯಲ್ಲಿ ಶಿಯರ್ ಬಲವನ್ನು ಹೊರುವುದು ಮುಖ್ಯವಾಗಿ ವೆಬ್. ಉಕ್ಕಿನ ರಚನೆಗಳ ಭಾರತೀಯ ಸಂಹಿತೆ ಐಎಸ್ 800:2007ರಂತೆ ಶಿಯರ್ ವಿಸ್ತೀರ್ಣವನ್ನು ಯೀಲ್ಡ್ ಪ್ರತಿಬಲದಿಂದ ಗುಣಿಸಿ, 3ರ ವರ್ಗಮೂಲದಿಂದಲೂ ಸುರಕ್ಷತಾ ಗುಣಾಂಕ 1.10ರಿಂದಲೂ ಭಾಗಿಸಿದರೆ ಅದರ ಸಾಮರ್ಥ್ಯ ಸಿಗುತ್ತದೆ. ರೋಲ್ ಮಾಡಿದ ತೊಲೆಗೆ ಪೂರ್ತಿ ಎತ್ತರವನ್ನೂ ಬೆಸುಗೆಯ ತೊಲೆಗೆ ವೆಬ್ ತಟ್ಟೆಯ ಎತ್ತರವನ್ನಷ್ಟೇ ಹಿಡಿಯಬೇಕು. ವೆಬ್ ದಪ್ಪ 10.2 ಮಿ.ಮೀ. ಇರುವ ಐಎಸ್‌ಎಂಬಿ 500ಕ್ಕೆ, 250 ಮೆಗಾಪ್ಯಾಸ್ಕಲ್ ಉಕ್ಕಿನಲ್ಲಿ, ಉತ್ತರ ಸುಮಾರು 669 ಕಿಲೋನ್ಯೂಟನ್. ಅದರ ವೆಬ್‌ನ ಎತ್ತರ-ದಪ್ಪ ಅನುಪಾತ 42ರ ಆಸುಪಾಸು, ಸುಕ್ಕುಗಟ್ಟುವಿಕೆಯನ್ನು ಪರಿಶೀಲಿಸಬೇಕಾದ ಮಿತಿ 67. ಲೆಕ್ಕ ಅಲ್ಲಿಗೆ ಮುಗಿಯಿತು.

ಕಷ್ಟ ಶುರುವಾಗುವುದು ಪ್ಲೇಟ್ ಗರ್ಡರಿನಲ್ಲಿ. 1200 ಮಿ.ಮೀ. ಎತ್ತರ, 8 ಮಿ.ಮೀ. ದಪ್ಪದ ವೆಬ್ ಇದೆಯೆನ್ನಿ, ಅನುಪಾತ 150. ಮೇಲಿನ ಸೂತ್ರ ಸುಮಾರು 1260 ಕಿಲೋನ್ಯೂಟನ್ ಕೊಡುತ್ತದೆ. ಆದರೆ ತಟ್ಟೆ ಯೀಲ್ಡ್ ಆಗುವ ಬಹಳ ಮೊದಲೇ ಓರೆಯಾಗಿ ಸುಕ್ಕುಗಟ್ಟುತ್ತದೆ (ಬಕ್ಲಿಂಗ್). ಆಧಾರಗಳಲ್ಲಿ ಮಾತ್ರ ಸ್ಟಿಫನರ್ ಇದ್ದಾಗ ಬಕ್ಲಿಂಗ್ ಗುಣಾಂಕ 5.35, ಸ್ಥಿತಿಸ್ಥಾಪಕ ಕ್ರಾಂತಿಕ ಪ್ರತಿಬಲ ಬರೀ 43 ಮೆಗಾಪ್ಯಾಸ್ಕಲ್. ವಿನ್ಯಾಸ ಸಾಮರ್ಥ್ಯ 375 ಕಿಲೋನ್ಯೂಟನ್ನಿಗೆ ಕುಸಿಯುತ್ತದೆ.

ಉಕ್ಕನ್ನು 350ರ ದರ್ಜೆಗೆ ಏರಿಸಿದರೆ? ಅದೇ 375. ವೆಬ್ ಇಷ್ಟು ತೆಳುವಾದಾಗ ಸಂಹಿತೆಯ ಸರಳ ವಿಧಾನದಲ್ಲಿ ಯೀಲ್ಡ್ ಪ್ರತಿಬಲ ಅಂಶದಲ್ಲೂ ಛೇದದಲ್ಲೂ ಬಂದು ಹೊಡೆದುಹೋಗುತ್ತದೆ. ಉಳಿಯುವುದು ಅನುಪಾತ ಮತ್ತು ಸ್ಥಿತಿಸ್ಥಾಪಕ ಗುಣಾಂಕ. ದುಬಾರಿ ಉಕ್ಕು ಕೊಂಡವರಿಗೆ ಇದು ಕಹಿ ಸುದ್ದಿಯೇ. ಅದರ ಬದಲು 1200 ಮಿ.ಮೀ.ಗೊಂದು ಅಡ್ಡ ಸ್ಟಿಫನರ್ ಬೆಸೆದರೆ ಬಕ್ಲಿಂಗ್ ಗುಣಾಂಕ 9.35ಕ್ಕೆ, ಸಾಮರ್ಥ್ಯ ಸುಮಾರು 656 ಕಿಲೋನ್ಯೂಟನ್ನಿಗೆ ಏರುತ್ತದೆ.

ನನ್ನ ತಕರಾರು ಆ ಸರಳ ವಿಧಾನದ ಬಗ್ಗೆಯೇ. ಬಕ್ಲಿಂಗಿನ ನಂತರದ ಬಲವನ್ನು ಅದು ತೆಳು ವೆಬ್‌ಗೆ ಕೊಡುವುದೇ ಇಲ್ಲ. ಸುಕ್ಕುಗಟ್ಟಿದ ವೆಬ್ ಕರ್ಣದ ಗುಂಟ ಎಳೆತ ಹೊರಬಲ್ಲದು, ಸ್ಟಿಫನರ್‌ಗಳು ಟ್ರಸ್ಸಿನ ಲಂಬ ಕಂಬಗಳಂತೆ ಒತ್ತಡ ಹೊರುತ್ತವೆ ಎಂಬುದನ್ನು ಲೀಹೈ ವಿಶ್ವವಿದ್ಯಾಲಯದ ಸಂಶೋಧನೆಯ ಆಧಾರದ ಮೇಲೆ ಕೊನ್ರಾಡ್ ಬಾಸ್ಲರ್ 1961ರಲ್ಲೇ ಲೆಕ್ಕಕ್ಕೆ ಇಳಿಸಿದ್ದರು. ಈ ಟೆನ್ಷನ್ ಫೀಲ್ಡ್ ವಿಧಾನಕ್ಕೂ ಐಎಸ್ 800ರಲ್ಲಿ ಜಾಗವಿದೆ, ಅಲ್ಲಿ ಉಕ್ಕಿನ ದರ್ಜೆಗೆ ಮತ್ತೆ ಬೆಲೆ ಬರುತ್ತದೆ. ಷರತ್ತೆಂದರೆ, ಸ್ಟಿಫನರ್‌ಗಳ ಅಂತರ ವೆಬ್ ಎತ್ತರಕ್ಕಿಂತ ಕಡಿಮೆ ಇರಕೂಡದು, ಎಳೆತಕ್ಕೆ ಎದುರು ಹಿಡಿತವೂ ಇರಬೇಕು. ತುದಿಯ ಅಂಕಣಕ್ಕೆ (ಕೊನೆಯ ಎರಡು ಸ್ಟಿಫನರ್ ನಡುವಿನ ವೆಬ್ ಭಾಗಕ್ಕೆ) ಆಚೆ ಬದಿಯಲ್ಲಿ ಹಿಡಿಯುವ ತಟ್ಟೆಯಿಲ್ಲ. ಗಟ್ಟಿ ಎಂಡ್ ಪೋಸ್ಟ್ ಕೊಡಬೇಕು, ಇಲ್ಲವೇ ಆ ಅಂಕಣವನ್ನು ಕರ್ಣದ ಎಳೆತ ನಂಬದೆಯೇ ವಿನ್ಯಾಸಗೊಳಿಸಬೇಕು. ಸರಳ ಆಧಾರದ ತೊಲೆಯಲ್ಲಿ ಶಿಯರ್ ಅತಿ ಹೆಚ್ಚಿರುವುದೂ ಅಲ್ಲಿಯೇ.