ಸೈನಿಕನ ಗುರುತಿನ ಬಿಲ್ಲೆ ಮತ್ತು ಅದರ ಜೋಡಿ ಕಡತ

ಹಿಂದೆಂದೋ ಯುದ್ಧ ನಡೆದ ನೆಲವನ್ನು ಉಳುವಾಗಲೋ ಮನೆಯ ಪಾಯ ತೋಡುವಾಗಲೋ ಸಿಗುವ ಗುರುತಿನ ಬಿಲ್ಲೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಅದರ ಮೇಲಿರುವುದು ಒಂದೆರಡು ಸಾಲು ಅಕ್ಷರ, ಒಂದಿಷ್ಟು ಅಂಕಿ. ಕೆಲವು ದೇಶಗಳ ಬಿಲ್ಲೆಯಲ್ಲಂತೂ ಹೆಸರೇ ಇರುವುದಿಲ್ಲ. ಅಂಥ ತುಣುಕಿನಿಂದ ಹೊರಟು, ಅದನ್ನು ಕೊರಳಲ್ಲಿ ಕಟ್ಟಿಕೊಂಡಿದ್ದವನ ಮನೆಯ ಬಾಗಿಲು ಮುಟ್ಟುವ ಕೆಲಸಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಈ ಶೋಧ ಎಲ್ಲೆಲ್ಲಿ ಫಲಿಸಿತು, ಎಲ್ಲೆಲ್ಲಿ ಅರ್ಧದಲ್ಲೇ ನಿಂತಿತು ಎಂದು ನೋಡುತ್ತ ಹೋದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬಿಲ್ಲೆ ಎಷ್ಟು ಗಟ್ಟಿಯಾಗಿತ್ತು ಎಂಬುದು ಎರಡನೆಯ ಮಾತು. ದೂರದ ಯಾವುದೋ ಕಚೇರಿಯಲ್ಲಿ ಅದಕ್ಕೆ ಜೋಡಿಯಾಗಿ ಬರೆದಿಟ್ಟ ಕಾಗದ ಉಳಿದಿದೆಯೇ ಎಂಬುದೇ ಮೊದಲನೆಯದು.

ಸಾಮಾನ್ಯ ಸಿಪಾಯಿಯ ಹೆಣಕ್ಕೂ ಹೆಸರಿರಬೇಕು ಎಂಬ ಯೋಚನೆ ಸೇನೆಗಳಿಗೆ ಬಂದದ್ದು ತೀರ ಈಚೆಗೆ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಸರ್ಕಾರ ಯಾವ ಗುರುತನ್ನೂ ಕೊಟ್ಟಿರಲಿಲ್ಲ. ಸೈನಿಕರೇ ಚೀಟಿಯ ಮೇಲೆ ಹೆಸರು, ಊರು ಬರೆದು ಅಂಗಿಯ ಬೆನ್ನಿಗೆ ಪಿನ್ನು ಚುಚ್ಚಿಕೊಂಡು ಕಾಳಗಕ್ಕೆ ಇಳಿದದ್ದುಂಟು. ಮಿಸ್ಸಿಸ್ಸಿಪ್ಪಿಯ ವಿಕ್ಸ್‌ಬರ್ಗ್ ರಾಷ್ಟ್ರೀಯ ಸ್ಮಶಾನದಲ್ಲಿ ಮಲಗಿರುವ ಸುಮಾರು 17,000 ಉತ್ತರದ ಸೈನಿಕರಲ್ಲಿ 13,000ದಷ್ಟು ಮಂದಿ ಯಾರೆಂದು ಇಂದಿಗೂ ತಿಳಿದಿಲ್ಲ. ಪ್ರಷ್ಯಾ 1869ರಲ್ಲಿ ತನ್ನ ಸೈನಿಕರಿಗೆ ಬಿಲ್ಲೆ ಕೊಡುವ ನಿಯಮ ಮಾಡಿತು. ಮರುವರ್ಷವೇ ಫ್ರಾನ್ಸಿನೊಡನೆ ಯುದ್ಧ ಬಂದಿತು. ಅಮೆರಿಕದಲ್ಲಿ ಈ ಮಾತನ್ನು ಹಟ ಹಿಡಿದು ಎತ್ತಿದವರು ಚಾರ್ಲ್ಸ್ ಪಿಯರ್ಸ್ ಎಂಬ ಸೇನಾ ಪಾದ್ರಿ. ಫಿಲಿಪೀನ್ಸಿನಲ್ಲಿ ಸತ್ತವರ ಗುರುತು ಹಚ್ಚುವ ಹೊಣೆ ಹೊತ್ತಿದ್ದ ಅವರು ಪ್ರತಿ ಸೈನಿಕನಿಗೂ ಬಿಲ್ಲೆ ಬೇಕೆಂದು 1899ರಲ್ಲಿ ಶಿಫಾರಸು ಮಾಡಿದರು. ಸೇನೆಯ ಆದೇಶ ಹೊರಟದ್ದು 1906ರ ಡಿಸೆಂಬರಿನಲ್ಲಿ.

ಬ್ರಿಟಿಷ್ ಸೇನೆ 1907ರಲ್ಲಿ ಒಂದೇ ಒಂದು ಅಲ್ಯುಮಿನಿಯಂ ಬಿಲ್ಲೆ ಕೊಟ್ಟಿತು. ಮೊದಲ ಮಹಾಯುದ್ಧ ಶುರುವಾದ ಮೇಲೆ ಅದರ ಕುಂದು ಬಯಲಾಯಿತು. ಸಾವಿನ ಸುದ್ದಿ ದಾಖಲಿಸಲು ಬಿಲ್ಲೆಯನ್ನು ಬಿಚ್ಚಿಕೊಂಡು ಹೋದರೆ ಹೆಣ ಅನಾಮಧೇಯವಾಗುತ್ತಿತ್ತು. ಹೆಣದ ಮೇಲೇ ಬಿಟ್ಟರೆ ಕಚೇರಿಗೆ ಸುದ್ದಿಯಿಲ್ಲ. 1916ರ ಸೆಪ್ಟೆಂಬರಿನಿಂದ ಎರಡೆರಡು ಬಿಲ್ಲೆ ಬಂದವು. ಎಂಟು ಮೂಲೆಯ ಹಸಿರು ಬಿಲ್ಲೆ ಹೆಣದೊಂದಿಗೇ ಮಣ್ಣಾಗಬೇಕು, ದುಂಡನೆಯ ಕೆಂಪು ಬಿಲ್ಲೆ ಕಚೇರಿ ಸೇರಬೇಕು. ಯೋಜನೆ ಒಳ್ಳೆಯದೇ. ಆದರೆ ಇವೆರಡೂ ನಾರಿನಿಂದ ಒತ್ತಿ ಮಾಡಿದವು. ಫ್ರಾನ್ಸ್, ಬೆಲ್ಜಿಯಂಗಳ ಹಸಿಮಣ್ಣಿನಲ್ಲಿ ಕೊಳೆತುಹೋದವು. ಆ ನೆಲದಲ್ಲಿ ಇಂದು ಅಸ್ಥಿ ಸಿಕ್ಕಾಗ ಶೋಧಕರು ಬಿಲ್ಲೆಯನ್ನಷ್ಟೇ ನೆಚ್ಚುವಂತಿಲ್ಲ. ಸೈನಿಕ ತನ್ನ ಸಂಖ್ಯೆಯನ್ನು ಕೊರೆದುಕೊಂಡಿದ್ದ ಚಮಚ, ಸ್ವಂತ ದುಡ್ಡಿನಲ್ಲಿ ಮಾಡಿಸಿಕೊಂಡ ಕೈಬಳೆ, ಭುಜದ ಮೇಲಿನ ರೆಜಿಮೆಂಟಿನ ಹಿತ್ತಾಳೆಯ ಅಕ್ಷರ ಇವೇ ಎಷ್ಟೋ ಸಲ ದಾರಿ ತೋರುತ್ತವೆ.

ಸಂಖ್ಯೆ ಓದಲು ಬಂದರೂ ಅಲ್ಲಿಗೆ ಕೆಲಸ ಮುಗಿಯದು. 1920ರವರೆಗೆ ಬ್ರಿಟಿಷ್ ಸೇನೆಯಲ್ಲಿ ಒಂದೊಂದು ರೆಜಿಮೆಂಟಿಗೂ ಅದರದೇ ಎಣಿಕೆ ಇತ್ತು. ಹಾಗಾಗಿ ಒಂದೇ ಸಂಖ್ಯೆ ಹಲವರಿಗೆ ಇರುತ್ತಿತ್ತು. ರೆಜಿಮೆಂಟಿನ ಹೆಸರು ಅಳಿಸಿದ್ದರೆ ಸಂಖ್ಯೆಯೊಂದರಿಂದ ಏನೂ ಸಾಗದು. ಅದಕ್ಕಿಂತ ದೊಡ್ಡ ನಷ್ಟ ಆದದ್ದು 1940ರ ಸೆಪ್ಟೆಂಬರಿನಲ್ಲಿ. ಮೊದಲ ಯುದ್ಧದ ಸಿಪಾಯಿಗಳ ಸೇವಾ ಕಡತಗಳಿದ್ದ ಲಂಡನ್ನಿನ ಉಗ್ರಾಣದ ಮೇಲೆ ಜರ್ಮನ್ ಬಾಂಬು ಬಿದ್ದು ಅರ್ಧಕ್ಕಿಂತ ಹೆಚ್ಚು ಕಡತ ಸುಟ್ಟವು. ಅಂಚು ಕರಕಾಗಿ ಉಳಿದವುಗಳನ್ನು ಇಂದಿಗೂ ‘ಸುಟ್ಟ ದಾಖಲೆ’ಗಳೆಂದೇ ಕರೆಯುತ್ತಾರೆ. ಕಡತವಿಲ್ಲದವನಿಗೆ ಪದಕ ಪಡೆದವರ ಕಾರ್ಡುಗಳೇ ಗತಿ. ಅವುಗಳಲ್ಲಿ ಹೆಸರು, ಸಂಖ್ಯೆ, ದಳ ಸಿಗುತ್ತವೆ, ಮನೆಯ ವಿವರ ಸಿಗುವುದು ಅಪರೂಪ. ಇದೇ ಯುದ್ಧದಲ್ಲಿ 1914ರ ಸೆಪ್ಟೆಂಬರಿನಿಂದ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದ ಭಾರತೀಯ ಸಿಪಾಯಿಗಳಲ್ಲಿ ಗೋರಿಯೇ ಗೊತ್ತಿಲ್ಲದ 4,700ಕ್ಕೂ ಹೆಚ್ಚು ಮಂದಿಯ ಹೆಸರು ಫ್ರಾನ್ಸಿನ ನವ್ ಶಪೆಲ್ ಸ್ಮಾರಕದ ಗೋಡೆಯ ಮೇಲಿದೆ. ಹೆಸರು ಉಂಟು, ದೇಹ ಎಲ್ಲಿದೆಯೋ ತಿಳಿಯದು. ಬಿಲ್ಲೆ ಜೋಡಿಸಬೇಕಾಗಿದ್ದ ಕೊಂಡಿ ಇದೇ.

ಜರ್ಮನಿಯ ಪದ್ಧತಿ ಎಲ್ಲಕ್ಕಿಂತ ಭಿನ್ನ, ಶೋಧಕರ ದೃಷ್ಟಿಯಿಂದ ಅತ್ಯಂತ ಪಾಠ ಕಲಿಸುವಂಥದು. ಎರಡನೆಯ ಮಹಾಯುದ್ಧದ ಜರ್ಮನ್ ಬಿಲ್ಲೆ ಮೊಟ್ಟೆಯಾಕಾರದ ತಗಡು. ನಡುವೆ ಅಡ್ಡಲಾಗಿ ಸೀಳುಗಳ ಸಾಲು. ಮೇಲಿನ ಅರ್ಧ, ಕೆಳಗಿನ ಅರ್ಧ ಎರಡರಲ್ಲೂ ಅದೇ ಬರಹ. ಹೆಸರಿಲ್ಲ. ಇರುವುದು ಮೊದಲು ಸೇರಿದ ತುಕಡಿಯ ಸಂಕ್ಷಿಪ್ತ ರೂಪ, ಅಲ್ಲಿನ ಪಟ್ಟಿಯ ಕ್ರಮಸಂಖ್ಯೆ, ರಕ್ತದ ಗುಂಪು. ಸೈನಿಕ ಆಮೇಲೆ ಬೇರೆ ದಳಕ್ಕೆ ವರ್ಗವಾಗಿ ಸತ್ತಿರಬಹುದಾದ್ದರಿಂದ, ಬಿಲ್ಲೆಯಲ್ಲಿರುವ ತುಕಡಿ ಅವನು ಕಾದಾಡಿದ ತುಕಡಿಯೇ ಎಂದು ನಂಬುವಂತಿಲ್ಲ. ಆದರೆ ಈ ಮೂಕ ತಗಡಿನ ಹಿಂದೆ ಒಂದು ದೊಡ್ಡ ಕಚೇರಿ ಕೂತಿತ್ತು. ಯುದ್ಧಕ್ಕೆ ಕೆಲವೇ ದಿನ ಮುಂಚೆ, 1939ರ ಆಗಸ್ಟ್ 26ರಂದು, ಬರ್ಲಿನ್ನಿನಲ್ಲಿ ಶುರುವಾದ ಸೇನಾ ಮಾಹಿತಿ ಕಚೇರಿಗೆ ಪ್ರತಿ ತುಕಡಿಯೂ ಯಾರಿಗೆ ಯಾವ ಸಂಖ್ಯೆ ಕೊಟ್ಟೆವು, ಯಾರು ಬಿಲ್ಲೆ ಕಳೆದುಕೊಂಡರು, ಯಾರು ವರ್ಗವಾದರು ಎಂಬ ಪಟ್ಟಿ ಕಳಿಸುತ್ತಿತ್ತು. ಅಲ್ಲಿ 1.8 ಕೋಟಿಗೂ ಹೆಚ್ಚು ಕಾರ್ಡು ಕೂಡಿಬಿದ್ದವು. ಆ ಸಂಗ್ರಹ 2019ರಿಂದ ಜರ್ಮನಿಯ ರಾಷ್ಟ್ರೀಯ ಪತ್ರಾಗಾರದ ಭಾಗವಾಗಿದ್ದು, ಪೂರ್ವ ಯೂರೋಪಿನ ಹೊಲಗಳಲ್ಲಿ ಸಿಕ್ಕ ಬಿಲ್ಲೆಗಳ ವಿಚಾರಣೆ ಈಗಲೂ ಅಲ್ಲಿಗೆ ಬರುತ್ತದೆ.

ಬಿಲ್ಲೆ ಯಾವ ಸ್ಥಿತಿಯಲ್ಲಿ ಸಿಕ್ಕಿತು ಎಂಬುದೂ ಒಂದು ಸಾಕ್ಷಿ. ಅಸ್ಥಿಯೊಂದಿಗೆ ಮೇಲಿನ ಅರ್ಧ ಮಾತ್ರ ಇದ್ದರೆ, ಯಾರೋ ಜೊತೆಗಾರ ಕೆಳಗಿನದನ್ನು ಮುರಿದುಕೊಂಡು ಹೋಗಿದ್ದಾನೆ. ಸಾವು ಮನೆಯವರಿಗೆ ತಿಳಿದಿರುವ ಸಾಧ್ಯತೆ ಹೆಚ್ಚು. ಪೂರ್ತಿ ಬಿಲ್ಲೆ ಅಸ್ಥಿಯ ಜೊತೆ ಇದ್ದರೆ ಆ ಸೈನಿಕ ಕಾಣೆಯಾದವರ ಪಟ್ಟಿಯಲ್ಲೇ ಉಳಿದಿರಬಹುದು. ಅಸ್ಥಿಯಿಲ್ಲದೆ ಬಿಲ್ಲೆಯೊಂದೇ ಸಿಕ್ಕರೆ ಏನನ್ನೂ ಹೇಳಲಾಗದು: ದಾರ ಹರಿದು ಬಿದ್ದಿರಬಹುದು, ಸೆರೆಯಾಗುವಾಗ ಎಸೆದಿರಬಹುದು, ಧರಿಸಿದ್ದವನು ಊರಿಗೆ ಮರಳಿ ಮೊಮ್ಮಕ್ಕಳನ್ನು ಕಂಡಿರಬಹುದು. ಆದ್ದರಿಂದಲೇ ಲೋಹಶೋಧಕ ಯಂತ್ರ ಹಿಡಿದು ಬಿಲ್ಲೆಯನ್ನು ಕಿತ್ತು ಮಾರುವವರು ಮಾಡುವ ಹಾನಿ ಸಣ್ಣದಲ್ಲ. ಸಿಕ್ಕ ಜಾಗ, ಆಳ, ಅಕ್ಕಪಕ್ಕದ ಅಸ್ಥಿಗಳ ಸಂಬಂಧ ಒಮ್ಮೆ ತಪ್ಪಿದರೆ ಒಬ್ಬ ಮನುಷ್ಯ ಎರಡನೆಯ ಸಲ ಕಾಣೆಯಾಗುತ್ತಾನೆ.

ಸೋವಿಯತ್ ಸೇನೆಯದು ಜರ್ಮನ್ ಪದ್ಧತಿಗೆ ನೇರ ವಿರುದ್ಧವಾದ ದಾರಿ. ತಿರುಗಣೆ ಮುಚ್ಚಳದ ಕಪ್ಪು ಎಬೊನೈಟ್ ಕೊಳವೆಯೊಂದು; ಒಳಗೆ ಸುರುಳಿ ಸುತ್ತಿದ ಚೀಟಿ. ಅದರಲ್ಲಿ ಹೆಸರು, ಹುಟ್ಟಿದ ವರ್ಷ, ಊರು, ಸೇನೆಗೆ ಸೇರಿಸಿಕೊಂಡ ಕಚೇರಿ, ಮನೆಯವರ ವಿಳಾಸ ಎಲ್ಲವನ್ನೂ ಸೈನಿಕನೇ ಬರೆಯಬೇಕಿತ್ತು. ಚೀಟಿ ತುಂಬಿದರೆ ಸಾವನ್ನು ಕರೆದಂತೆ ಎಂದು ಹೆದರಿ ಎಷ್ಟೋ ಮಂದಿ ಖಾಲಿ ಬಿಟ್ಟರು. ಕೊಳವೆಯಲ್ಲಿ ಸೂಜಿ, ಬೆಂಕಿಕಡ್ಡಿ ಇಟ್ಟುಕೊಂಡವರೂ ಇದ್ದರು. 1942ರ ನವೆಂಬರಿನಲ್ಲಿ ಈ ಕೊಳವೆಯನ್ನೇ ರದ್ದು ಮಾಡಿದರು. ಇಂದು ರಷ್ಯಾದ ಸ್ವಯಂಸೇವಕ ಶೋಧ ತಂಡಗಳಿಗೆ ಕಾಡು, ಜೌಗಿನಲ್ಲಿ ಇಂಥ ಕೊಳವೆ ಸಿಕ್ಕರೆ ಅದನ್ನು ಅಲ್ಲೇ ತೆರೆಯುವುದು ತಪ್ಪು. ಒಳಗೆ ನೀರು ಇಳಿದಿದ್ದರೆ ಕಾಗದ ಅಂಟಿನಂತಾಗಿರುತ್ತದೆ. ನಿಧಾನವಾಗಿ ಹೊರತೆಗೆದು, ಮಡಿಕೆಯನ್ನು ಒಂದೊಂದಾಗಿ ಬಿಡಿಸಿ, ಬೇರೆ ಬೇರೆ ಬೆಳಕಿನಲ್ಲಿ ಫೋಟೊ ತೆಗೆದು ಓದಬೇಕು. ಸೀಸದಕಡ್ಡಿಯ ಬರಹ ಶಾಯಿಗಿಂತ ಚೆನ್ನಾಗಿ ಉಳಿಯುತ್ತದೆ. ಜರ್ಮನ್ ತಗಡು ಏನನ್ನೂ ಹೇಳದು, ಕಚೇರಿ ಎಲ್ಲವನ್ನೂ ಹೇಳುತ್ತದೆ. ಸೋವಿಯತ್ ಚೀಟಿ ತಾನೇ ಎಲ್ಲವನ್ನೂ ಹೇಳುತ್ತದೆ, ಓದಲು ಬರುವಂತೆ ಉಳಿದಿದ್ದರೆ.

‘ಡಾಗ್ ಟ್ಯಾಗ್’ ಎಂದು ಲೋಕಪ್ರಸಿದ್ಧವಾದ ಅಮೆರಿಕನ್ ಬಿಲ್ಲೆ ಇವೆರಡರ ನಡುವಿನದು. ಅದರ ಅಂಚಿನ ಕಚ್ಚು ಸತ್ತವನ ಹಲ್ಲುಗಳ ನಡುವೆ ಸಿಕ್ಕಿಸಲಿಕ್ಕೆ ಎಂಬ ಕಥೆ ಹರಡಿದೆ; ಅಸಲಿಗೆ ಅಚ್ಚೊತ್ತುವ ಯಂತ್ರದಲ್ಲಿ ಬಿಲ್ಲೆ ಅಲುಗದಂತೆ ಕೂರಿಸಲು ಅದು ಬೇಕಿತ್ತು. ಎರಡನೆಯ ಯುದ್ಧದ ಬಿಲ್ಲೆಯನ್ನು ಓದುವ ಕ್ರಮ ಸುಲಭ. ಸಂಖ್ಯೆಯ ಮೊದಲ ಅಂಕಿ 1 ಆದರೆ ತಾನಾಗಿ ಸೇನೆಗೆ ಸೇರಿದವನು, 2 ಆದರೆ ನ್ಯಾಷನಲ್ ಗಾರ್ಡ್, 3 ಅಥವಾ 4 ಆದರೆ ಕಡ್ಡಾಯ ಭರ್ತಿಯವನು. ಎರಡನೆಯ ಅಂಕಿ ಸೇರಿದ ಪ್ರದೇಶವನ್ನು ಸೂಚಿಸುತ್ತದೆ. ‘ಟಿ’ ಅಕ್ಷರದ ಮುಂದಿನ ಅಂಕಿಗಳು ಧನುರ್ವಾಯು ಚುಚ್ಚುಮದ್ದಿನ ವರ್ಷ. ಮನೆಯವರ ಹೆಸರು, ವಿಳಾಸ ಇದ್ದರೆ ಅದು 1943ರ ಜುಲೈಗೆ ಮುಂಚಿನದು. ಆಮೇಲೆ ಅದನ್ನು ಕೈಬಿಟ್ಟರು. ಭರ್ತಿಯಾದವರ ಸುಮಾರು 90 ಲಕ್ಷ ದಾಖಲೆಗಳನ್ನು ಹಳೆಯ ಪಂಚ್ ಕಾರ್ಡುಗಳಿಂದ ತೆಗೆದು ಅಮೆರಿಕದ ರಾಷ್ಟ್ರೀಯ ಪತ್ರಾಗಾರ ಗಣಕಕ್ಕೆ ಏರಿಸಿರುವುದರಿಂದ ಸಂಖ್ಯೆ ಕೊಟ್ಟು ಹೆಸರು ಹುಡುಕಬಹುದು.

ಅಲ್ಲಿಂದ ಮುಂದೆ ಪೂರ್ಣ ಕಡತಕ್ಕೆ ಹೋದರೆ ಬೆಂಕಿಯೇ ಎದುರಾಗುತ್ತದೆ. 1973ರ ಜುಲೈ 12ರಂದು ಸೇಂಟ್ ಲೂಯಿಯ ಸೇನಾ ಕಡತಗಳ ಕಟ್ಟಡದ ಆರನೆಯ ಮಹಡಿಗೆ ಬೆಂಕಿ ಬಿದ್ದು 1.6 ಕೋಟಿಯಿಂದ 1.8 ಕೋಟಿ ಕಡತ ನಾಶವಾದವು. 1912ರಿಂದ 1960ರ ನಡುವೆ ಸೇವೆ ಮುಗಿಸಿದ ಭೂಸೇನೆಯವರ ಕಡತಗಳಲ್ಲಿ ಶೇ. 80ರಷ್ಟು ಅಂದು ಹೋದವು. ಮತ್ತೊಂದು ಪ್ರತಿ ಇರಲಿಲ್ಲ, ಯಾವುದು ಎಲ್ಲಿತ್ತು ಎಂಬ ಸೂಚಿಯೂ ಇರಲಿಲ್ಲ. ಕೊನೆಯ ಸಂಬಳದ ರಸೀದಿ, ನಿವೃತ್ತ ಸೈನಿಕರ ಇಲಾಖೆಯ ಪತ್ರ, ತುಕಡಿಯ ಮುಂಜಾನೆಯ ಹಾಜರಿ ವರದಿ ಇವನ್ನು ಕಲೆಹಾಕಿ ಒಬ್ಬೊಬ್ಬರ ಬದುಕನ್ನು ಮತ್ತೆ ಕಟ್ಟುವ ಕೆಲಸ ಅಂದಿನಿಂದಲೂ ನಡೆದಿದೆ.

ವಿಯೆಟ್ನಾಮಿನ ಬಿಲ್ಲೆಗಳ ವಿಚಾರದಲ್ಲಿ ವಿಶೇಷ ಎಚ್ಚರ ಬೇಕು. ಯುದ್ಧ ಮುಗಿದ ಮೇಲೆ ಹೊ ಚಿ ಮಿನ್ ನಗರದ ಅಂಗಡಿಗಳಲ್ಲಿ ಪ್ರವಾಸಿಗರಿಗೆ ಮಾರಿದ ಅಮೆರಿಕನ್ ಬಿಲ್ಲೆಗಳಲ್ಲಿ ನಕಲಿಯೂ ಬೆರೆತಿದ್ದವು. ಅಸಲಿಯಾದವೂ ಬಹುಪಾಲು ಬದುಕಿ ಮರಳಿದವರದು. ಇದನ್ನು ತಿಳಿಯದೆ ಕಾಣೆಯಾದವನ ಮನೆಗೆ ಸುದ್ದಿ ಕೊಟ್ಟರೆ ಹಳೆಯ ಗಾಯವನ್ನು ಕಾರಣವಿಲ್ಲದೆ ಕೆದಕಿದಂತಾಗುತ್ತದೆ. ಮೊದಲು ದಾಖಲೆ, ಆಮೇಲೆ ಮನೆ: ಈ ಅನುಕ್ರಮವನ್ನು ಶೋಧಕರು ಮುರಿಯಬಾರದು.

ಶತ್ರುವಿನ ಬಿಲ್ಲೆಯನ್ನೂ ಅವನ ದೇಶಕ್ಕೆ ತಲುಪಿಸಬೇಕೆಂದು 1906ರ ಜಿನೀವಾ ಒಪ್ಪಂದವೇ ಹೇಳಿತ್ತು. 1949ರ ಒಪ್ಪಂದ ಇನ್ನೂ ಖಚಿತ: ಜೋಡಿ ಬಿಲ್ಲೆಯಾದರೆ ಅರ್ಧ ಹೆಣದ ಮೇಲಿರಬೇಕು, ಒಂಟಿಯಾದರೆ ಅದನ್ನು ತೆಗೆಯಲೇಬಾರದು.

ಭಾರತದಲ್ಲಿ ಬಿಲ್ಲೆಯ ಜೋಡಿ ಕಡತ ಇರುವುದು ಆಯಾ ರೆಜಿಮೆಂಟಿನ ದಾಖಲಾತಿ ಕಚೇರಿಯಲ್ಲಿ. ಮರಾಠಾ ಲಘು ಪದಾತಿದಳದ್ದು ಬೆಳಗಾವಿಯಲ್ಲಿದೆ, ಮದ್ರಾಸ್ ಎಂಜಿನಿಯರ್ ಗ್ರೂಪಿನದು ಬೆಂಗಳೂರಿನಲ್ಲಿದೆ. ಈ ವ್ಯವಸ್ಥೆ ಎಷ್ಟು ಕಾಲದ ಮೇಲೂ ಕೆಲಸಕ್ಕೆ ಬರುತ್ತದೆ ಎಂಬುದು ಸಿಯಾಚಿನ್‌ನಲ್ಲಿ ಕಂಡಿತು. 1984ರ ಮೇ ತಿಂಗಳಲ್ಲಿ ಆಪರೇಷನ್ ಮೇಘದೂತ್ ಕಾಲಕ್ಕೆ 19ನೇ ಕುಮಾಂವ್ ದಳದ ಗಸ್ತು ತಂಡವೊಂದು ಹಿಮಕುಸಿತಕ್ಕೆ ಸಿಕ್ಕಿತ್ತು. ಅದರಲ್ಲಿದ್ದ ಒಬ್ಬ ಲ್ಯಾನ್ಸ್ ನಾಯಕನ ದೇಹ ಸಿಕ್ಕಿದ್ದು 2022ರ ಆಗಸ್ಟಿನಲ್ಲಿ. ಜೊತೆಗಿದ್ದ ಬಿಲ್ಲೆಯ ಮೇಲೆ ಸೇನಾ ಸಂಖ್ಯೆ ಓದುವಂತೆ ಇತ್ತು, ಸಂಖ್ಯೆಗೆ ಕಡತ ಇತ್ತು, ಕಡತದಲ್ಲಿ ಮನೆ ಇತ್ತು. 38 ವರ್ಷ ಕಾದ ಕುಟುಂಬಕ್ಕೆ ದೇಹವನ್ನು ಒಪ್ಪಿಸಿದರು.